ಓಲೆಯ ವಯಸ್ಸು, ಎಣ್ಣೆಯ ತೊಡಕು

ಪಾಶ್ಚಾತ್ಯರು ಚರ್ಮದ ಹಾಳೆಗಳ ಮೇಲೆ ಗ್ರಂಥಗಳನ್ನು ಬರೆದಿರಿಸಿದರೆ, ನಮ್ಮ ಹಿರಿಯರು ತಾಳೆಯೋಲೆಯನ್ನು ನೆಚ್ಚಿದರು. ಮೂಡಬಿದರೆಯ ಗುರು ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ‘ಧವಲಾ’ ಟೀಕೆಯ ಓಲೆಗಳು ಹಳಗನ್ನಡ ಲಿಪಿಯವು. ಸುಮಾರು 12ನೆಯ ಶತಮಾನದವೆಂದು ವಿದ್ವಾಂಸರ ಮತ. ಟೀಕಾಕಾರರಾದ ವೀರಸೇನಾಚಾರ್ಯರಾದರೋ 9ನೆಯ ಶತಮಾನದವರು. ಹೀಗೆ ಕೃತಿಗೊಂದು ವಯಸ್ಸು, ಪ್ರತಿಗೊಂದು ವಯಸ್ಸು.

ಪ್ರತಿಯ ವಯಸ್ಸನ್ನು ಅಕ್ಷರಗಳ ರೂಪದಿಂದ ಊಹಿಸುವುದು ರೂಢಿ. ವಿಜ್ಞಾನವು ಇನ್ನೊಂದು ದಾರಿಯನ್ನು ತೋರಿದೆ. ಮರದಿಂದ ಕೊಯ್ದ ಗರಿಯಲ್ಲಿ ಇಂಗಾಲ-14 ಮತ್ತೆ ತುಂಬಿಕೊಳ್ಳದೆ ಕ್ಷೀಣಿಸುತ್ತ, 5,730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಉಳಿದುದನ್ನು ಅಳೆದರೆ ಗರಿ ಕೊಯ್ದ ಕಾಲ ತಿಳಿಯುತ್ತದೆ. ಬರೆದ ಕಾಲವಲ್ಲ, ನೆನಪಿರಲಿ. 1949ರಲ್ಲಿ ಲಿಬ್ಬಿ ಎಂಬ ವಿಜ್ಞಾನಿ ಈ ವಿಧಾನವನ್ನು ಪ್ರಕಟಿಸಿದಾಗ ಗ್ರಾಂಗಟ್ಟಲೆ ವಸ್ತುವನ್ನು ಸುಡಬೇಕಾಗಿತ್ತು. ಈಗ ಕೆಲವು ಮಿಲಿಗ್ರಾಂ ಸಾಕು. ಬರಹವಿಲ್ಲದ ಅಂಚಿನ ಒಂದು ಚೂರು.

ತೊಡಕಿರುವುದು ನಮ್ಮ ಆರೈಕೆಯಲ್ಲಿಯೇ. ಹುಳು ಹತ್ತದಂತೆ, ಗರಿ ಒಣಗಿ ಸೀಳದಂತೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುತ್ತೇವೆ. ಆ ಎಣ್ಣೆಯಲ್ಲಿಯೂ ಇಂಗಾಲವುಂಟು, ಅದೂ ಹೊಚ್ಚ ಹೊಸದು! ಅದನ್ನು ಪ್ರಯೋಗಾಲಯದಲ್ಲಿ ಚೆನ್ನಾಗಿ ತೊಳೆದು ತೆಗೆಯದಿದ್ದರೆ ಮುತ್ತಜ್ಜನ ಓಲೆ ಮೊಮ್ಮಗನ ವಯಸ್ಸು ಹೇಳೀತು. ಆದುದರಿಂದ ಅಟ್ಟದ ಮೇಲೆ ಓಲೆಕಟ್ಟು ಉಳ್ಳವರು, ಎಣ್ಣೆ ಹಚ್ಚಿಸುವ ಮುನ್ನ ಉದುರಿದ ಚೂರುಗಳನ್ನು ಲಕೋಟೆಯೊಂದರಲ್ಲಿ ತೆಗೆದಿರಿಸಿ, ಯಾವ ಕಟ್ಟಿನವೆಂದು ಅದರ ಮೇಲೆ ಬರೆದಿಡಲಿ.