ಮೀನಿನ ತೊಟ್ಟಿಯಲ್ಲಿ ತರ್ಕಶಾಸ್ತ್ರ

ತರ್ಕವೆಂಬುದು ಪಂಡಿತರ ವಾದಸಭೆಗೆ ಮಾತ್ರ ಮೀಸಲಾದುದೆಂದು ಅನೇಕರ ಭಾವನೆ. ಮನೆಯ ಗಾಜಿನ ತೊಟ್ಟಿಯಲ್ಲಿ ನಾಲ್ಕು ಎಲೆ ಕೊಳೆತರೂ ಅದರ ಆವಶ್ಯಕತೆಯುಂಟೆಂಬುದನ್ನು ನಾನು ಬಂಗಾರಪೇಟೆಯ ನಮ್ಮ ಮನೆಯಲ್ಲಿ ಕಂಡೆನು.

ನನ್ನ ಮೊಮ್ಮಗನು ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿರುವ ಬಂಧುಗಳಿಂದ ಕ್ರಿಪ್ಟೊಕೊರೈನ್ ಎಂಬ ನೀರುಗಿಡದ ನಾಲ್ಕು ಬುಡಗಳನ್ನು ತಂದು ನೆಟ್ಟನು. ಇದು ಕೆಸುವಿನ ಕುಲಕ್ಕೆ ಸೇರಿದ ಸಸ್ಯ. ಮರುದಿನ ನನ್ನ ಸೊಸೆಯು ಎಂದಿನಂತೆ ಕೊಳವೆಬಾವಿಯ ನೀರನ್ನು ತೊಟ್ಟಿಗೆ ತುಂಬಿದಳು. ನಾಲ್ಕನೆಯ ದಿನ ಎಲೆಗಳೆಲ್ಲ ಕರಗಿ ಲೋಳೆಯಾದುವು. "ನೀನು ಹಾಕಿದ ನೀರೇ ಗಿಡಗಳನ್ನು ಕೊಂದಿತು" ಎಂದು ನಾನು ಗದರಿದೆನು. ಅವಳು ಮರುಮಾತಾಡದೆ ಒಳಗೆ ಹೋದಳು.

ಕಾಗೆ ಕುಳಿತಿತು, ತಾಳೆಯ ಹಣ್ಣು ಬಿದ್ದಿತು, ಇದು ಕಾಕತಾಲೀಯ. ಮುಂಚೆ ನಡೆದುದೆಲ್ಲವೂ ಕಾರಣವಾಗಲಾರದು. ಅದೇ ನೀರಿನಲ್ಲಿ ರಿಬ್ಬನ್ನಿನಂತಹ ಎಲೆಗಳ ವ್ಯಾಲಿಸ್ನೇರಿಯವು ವರ್ಷದಿಂದ ಹಸುರಾಗಿತ್ತೆಂಬುದನ್ನು ನಾನು ನೋಡಲೇ ಇಲ್ಲ.

ನೆರೆಯವರೊಬ್ಬರು, "ಗಣಿಯ ಸೀಮೆಯ ನೀರು, ಸಯನೈಡಿನ ವಿಷವಿರಬೇಕು" ಎಂದರು. ಗಣಿಯು 2001ರಲ್ಲಿ ಮುಚ್ಚಿದರೂ ಸಯನೈಡ್ ದಿಬ್ಬಗಳು ಅಲ್ಲಿ ಇಂದಿಗೂ ನಿಂತಿರುವುದು ನಿಜ. ಆದರೆ ನಮ್ಮ ಬಾವಿಯಲ್ಲಿ ಆ ವಿಷವುಂಟೆಂಬುದಕ್ಕೆ ಪ್ರಮಾಣವೇನು? ಹೇತುವೇ ಸ್ಥಾಪಿತವಾಗದಿದ್ದರೆ ಅದು ಅಸಿದ್ಧ. ಮೇಲಾಗಿ ಸಯನೈಡ್ ಲೇಶಮಾತ್ರ ಬೆರೆತರೂ ಮೊದಲು ಸಾಯತಕ್ಕವು ಮೀನುಗಳು. ಅವು ಸುಖವಾಗಿ ಆಡುತ್ತಿದ್ದುವು. ಪ್ರತ್ಯಕ್ಷಕ್ಕೆ ವಿರುದ್ಧವಾದ ಇಂತಹ ಅನುಮಾನವನ್ನು ಬಾಧಿತವೆನ್ನುವರು.

ಅಂಗಡಿಯವನು ಗೊಬ್ಬರದ ಕೊರತೆಯೆಂದು ಔಷಧದ ಸೀಸೆಯನ್ನು ಕೊಟ್ಟನು. ಎಲೆ ಕೆಡುವುದಕ್ಕೆ ಕಾರಣಗಳು ಹಲವು. ಸಾರಜನಕ ಸಾಲದಿದ್ದರೆ ಹಳೆಯ ಎಲೆಗಳು ಮೊದಲು ಹಳದಿಯಾಗುವುವು. ಕಬ್ಬಿಣ ಸಾಲದಿದ್ದರೆ ಚಿಗುರು ಮೊದಲು ಬಿಳಿಚುವುದು. ಬೆಳಕು ಸಾಲದಿದ್ದರೂ ಗಿಡ ಸೊರಗುವುದು. ಹೀಗೆ ಅನೇಕ ಕಡೆಗೆ ಎಳೆಯುವ ಹೇತುವು ಸವ್ಯಭಿಚಾರ. ಅದರಿಂದ ಯಾವುದೊಂದೂ ನಿರ್ಣಯವಾಗದು.

ಮೊಮ್ಮಗನು ಎರಡು ಬುಡಗಳನ್ನು ಕಿತ್ತು ಬೇರೊಂದು ಗಾಜಿನ ಪಾತ್ರೆಯಲ್ಲಿ, ಅದೇ ಬಾವಿಯ ನೀರಿನಲ್ಲಿ, ಔಷಧವಿಲ್ಲದೆ ಇರಿಸಿದನು. ಮೂರು ವಾರಗಳಲ್ಲಿ ನಾಲ್ಕು ಬುಡಗಳೂ ಚಿಗುರಿದುವು. ಔಷಧವಿದ್ದಲ್ಲಿಯೂ ಚಿಗುರು, ಇಲ್ಲದಲ್ಲಿಯೂ ಚಿಗುರು! ತೊಟ್ಟಿಯೊಂದನ್ನೇ ನೋಡಿದ್ದರೆ ಕೀರ್ತಿಯೆಲ್ಲ ಸೀಸೆಗೆ ಸಲ್ಲುತ್ತಿತ್ತು. ಅನ್ವಯದೊಡನೆ ವ್ಯತಿರೇಕವನ್ನೂ ಪರೀಕ್ಷಿಸಬೇಕೆಂದು ನಾನು ಎಷ್ಟೋ ವರ್ಷ ಹುಡುಗರಿಗೆ ಪಾಠ ಹೇಳಿದವನು. ಅದನ್ನು ಮಾಡಿ ತೋರಿಸಿದವನು ಮಾತ್ರ ಈ ಬಾಲಕ.

ನೀರು, ಬೆಳಕು, ನೆಲೆ ಬದಲಾದಾಗ ಎಲೆಗಳನ್ನು ಕಳಚಿ, ಬೇರಿನಿಂದ ಮತ್ತೆ ಚಿಗುರುವುದು ಈ ಗಿಡದ ಸ್ವಭಾವ. ಅದು ಸತ್ತೇ ಇರಲಿಲ್ಲ. ನಾನು ಕೊಂದವರನ್ನು ಹುಡುಕಿದ್ದೆನು!

ಸೊಸೆಯನ್ನು ಕರೆದು, "ತಪ್ಪು ನನ್ನದಮ್ಮ" ಎಂದೆನು. ಅವಳು ನಕ್ಕು, "ಹೊಸ ಮನೆಗೆ ಹೊಂದಿಕೊಳ್ಳಲು ಗಿಡಕ್ಕಾದರೂ ನಾಲ್ಕು ದಿನ ಬೇಡವೆ, ಮಾವ?" ಎಂದಳು.

ಗಿಡ ಬಾಡಿದರೆ ಬೇರನ್ನು ನೋಡಿರಿ, ಮೀನನ್ನು ನೋಡಿರಿ, ಪಕ್ಕದ ಗಿಡವನ್ನು ನೋಡಿರಿ. ಮನೆಯವರ ಮೇಲೆ ತಪ್ಪು ಹೊರಿಸುವುದಕ್ಕೆ ಮೂರು ವಾರ ತಡೆದರೆ ನಷ್ಟವೇನೂ ಇಲ್ಲ.