ಕಾರ್ಟ್ರಿಡ್ಜ್ ನಮ್ದಾ, ಕಂಪನಿದಾ?

ಲ್ಯಾಬ್ ರೆಕಾರ್ಡ್ ಸಬ್ಮಿಷನ್ನಿನ ಹಿಂದಿನ ರಾತ್ರಿ. ನಾವು ನಾಲ್ಕು ಜನ ದುಡ್ಡು ಹಾಕಿ ತಗೊಂಡ ಸೆಕೆಂಡ್ ಹ್ಯಾಂಡ್ ಪ್ರಿಂಟರ್‌ಗೆ ರೀಫಿಲ್ ಮಾಡಿಸಿದ ಕಾರ್ಟ್ರಿಡ್ಜ್ ಹಾಕಿದ್ರೆ, 'ಈ ಕಾರ್ಟ್ರಿಡ್ಜ್ ಬಳಸಲು ಆಗಲ್ಲ' ಅನ್ನೋ ಮೆಸೇಜ್ ಬಂತು. ರೂಮ್‌ಮೇಟ್‌ಗೆ ಸಿಟ್ಟು ಬಂದು, "ಲೋ, ದುಡ್ಡು ಕೊಟ್ಟಿದೀವಿ. ಇದು ನಮ್ದಾ, ಕಂಪನಿದಾ?" ಅಂದ. ಜೆರಾಕ್ಸ್ ಅಂಗಡಿಗೆ ಓಡಿ ಆವತ್ತಿನ ಕೆಲಸ ಮುಗಿಸಿದ್ವಿ. ಆಮೇಲೆ ಓದಿದಾಗ ಗೊತ್ತಾಯ್ತು, ಇದೇ ಪ್ರಶ್ನೆ ಅಮೆರಿಕ ಮತ್ತು ಜಪಾನ್‌ನ ಸುಪ್ರೀಂ ಕೋರ್ಟ್‌ಗಳವರೆಗೂ ಹೋಗಿದೆ!

ಪೇಟೆಂಟ್ ಅಂದ್ರೆ ಬೇರೆಯವರು ತಯಾರಿಸಬಾರದು ಅಂತ ಮಾತ್ರ ನಾನು ಅಂದ್ಕೊಂಡಿದ್ದೆ. ಅಷ್ಟೇ ಅಲ್ಲ. ಮಾರೋದು, ಇಂಪೋರ್ಟ್ ಮಾಡೋದು, ಕೊನೆಗೆ ಬಳಸೋದನ್ನೂ ಪೇಟೆಂಟ್ ಇರೋರು ತಡೀಬಹುದು. ನಮ್ಮ 1970ರ ಪೇಟೆಂಟ್ ಕಾಯ್ದೆಯ 48ನೇ ಸೆಕ್ಷನ್ ಕೂಡ ಹಾಗೇ ಹೇಳುತ್ತೆ. ಹೆದರ್ಬೇಡಿ, ಕಂಪನಿಗಳು ಸಾಮಾನ್ಯವಾಗಿ ಕೇಸ್ ಹಾಕೋದು ತಯಾರಿಸೋರು, ಮಾರೋರ ಮೇಲೆ. ಆದ್ರೆ ಅವರು ಸೋತ್ರೆ ನಮಗೆ ಕಡಿಮೆ ರೇಟಿನ ಕಾರ್ಟ್ರಿಡ್ಜ್ ಸಿಗಲ್ಲ.

ಲೆಕ್ಸ್‌ಮಾರ್ಕ್ ಕಂಪನಿ ಅಮೆರಿಕದಲ್ಲಿ ಟೋನರ್ ಕಾರ್ಟ್ರಿಡ್ಜನ್ನ ಎರಡು ರೀತಿ ಮಾರ್ತಿತ್ತು. ಪೂರ್ತಿ ಬೆಲೆ ಕೊಟ್ರೆ ಏನೂ ಕಂಡೀಷನ್ ಇಲ್ಲ. ಸುಮಾರು 20% ಡಿಸ್ಕೌಂಟ್ ಬೇಕಾದ್ರೆ ಒಂದೇ ಸಲ ಬಳಸ್ಬೇಕು, ಖಾಲಿ ಆದ್ಮೇಲೆ ಬೇರೆ ಯಾರಿಗೂ ಕೊಡಬಾರದು. ಮತ್ತೆ ತುಂಬಿಸಿದ್ರೆ ಕೆಲಸ ಮಾಡದ ಹಾಗೆ ಒಂದು ಚಿಪ್ ಬೇರೆ. ರೀಫಿಲ್ ಕಂಪನಿಗಳು ಖಾಲಿ ಕಾರ್ಟ್ರಿಡ್ಜ್ ಕೊಂಡು, ಚಿಪ್ ಬದಲಾಯಿಸಿ, ಟೋನರ್ ತುಂಬಿ ಮಾರಿದ್ವು. ಲೆಕ್ಸ್‌ಮಾರ್ಕ್ ಪೇಟೆಂಟ್ ಕೇಸ್ ಹಾಕ್ತು. ಸಣ್ಣ ಕಂಪನಿ ಇಂಪ್ರೆಷನ್ ಪ್ರಾಡಕ್ಟ್ಸ್ ಮಾತ್ರ ಬಗ್ಗದೆ ಕೊನೆವರೆಗೂ ಹೋರಾಡ್ತು.

2017ರ ಮೇ 30ರಂದು ಸುಪ್ರೀಂ ಕೋರ್ಟ್ ಅದರ ಪರ ನಿಂತಿತು. ಒಂದು ಸಲ ಮಾರಿದ ಮೇಲೆ ಆ ವಸ್ತುವಿನ ಮೇಲಿನ ಪೇಟೆಂಟ್ ಹಕ್ಕು ಮುಗೀತು, ವಿದೇಶದಲ್ಲಿ ಮಾರಿದ್ರೂ ಅಷ್ಟೇ. ಗ್ರಾಹಕ ಕಂಡೀಷನ್ ಮುರಿದ್ರೆ ಒಪ್ಪಂದದ ಕಾನೂನಲ್ಲಿ ನೋಡ್ಕೊಳ್ಳಿ, ಪೇಟೆಂಟ್ ತರಬೇಡಿ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೊಟ್ಟ ಉದಾಹರಣೆ ಹಳೇ ಕಾರು ರಿಪೇರಿ ಮಾಡಿ ಮಾರೋ ಅಂಗಡಿಯದು. ಕಾರಿನ ಒಂದೊಂದು ಬಿಡಿಭಾಗದ ಕಂಪನಿಯೂ ಮಾರಿದ ಮೇಲೂ ಪೇಟೆಂಟ್ ಹಿಡ್ಕೊಂಡು ಬಂದ್ರೆ ಆ ಅಂಗಡಿ ನಡೆಯೋದು ಹೇಗೆ?

ಇಷ್ಟು ಓದಿ ನಾನು ಖುಷಿಯಾಗಿದ್ದೆ. ಆದ್ರೆ ಅದಕ್ಕೂ ಹತ್ತು ವರ್ಷ ಮುಂಚೆ, 2007ರ ನವೆಂಬರ್‌ನಲ್ಲಿ, ಜಪಾನ್‌ನಲ್ಲಿ ಕ್ಯಾನನ್ ಗೆದ್ದಿತ್ತು. ಅವರ ಇಂಕ್ ಟ್ಯಾಂಕ್ ಒಳಗೆ ಸ್ಪಂಜಿನಂಥ ಎರಡು ತುಂಡುಗಳನ್ನ ಒಂದಕ್ಕೊಂದು ಒತ್ತಿ ಇಟ್ಟಿರ್ತಾರೆ. ಅವು ಸೇರೋ ಜಾಗದಲ್ಲಿ ಕ್ಯಾಪಿಲರಿ ಬಲ ಜಾಸ್ತಿ, ಅಲ್ಲಿ ನಿಲ್ಲೋ ಇಂಕೇ ಗಾಳಿಗೆ ತಡೆ. ಹಾಗಾಗಿ ಟ್ಯಾಂಕ್ ಹೇಗೆ ಇಟ್ರೂ ಲೀಕ್ ಆಗಲ್ಲ. (ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಲ್ಲಿ ಇದನ್ನ ಹೇಳಿದ್ರೆ ನಾನು ನಿದ್ದೆ ಮಾಡ್ತಿರಲಿಲ್ಲ.) ಖಾಲಿಯಾದಾಗ ಉಳಿದ ಇಂಕ್ ಒಣಗಿ ಅಂಟ್ಕೊಂಡು ಈ ಗುಣ ಹೋಗಿಬಿಡುತ್ತೆ. ಚೀನಾದಲ್ಲಿ ಟ್ಯಾಂಕಿಗೆ ತೂತು ಕೊರೆದು, ತೊಳೆದು, ಇಂಕ್ ತುಂಬಿ, ಜಪಾನ್‌ಗೆ ತಂದು ಮಾರ್ತಿದ್ರು. ಇದು ಬರೀ ಇಂಕ್ ತುಂಬಿಸೋದಲ್ಲ, ಪೇಟೆಂಟ್ ಆದ ಗುಣವನ್ನೇ ಮತ್ತೆ ಹುಟ್ಟಿಸಿ ಹೊಸ ವಸ್ತು ತಯಾರಿಸಿದ ಹಾಗೆ ಅಂದ್ರು ಜಡ್ಜ್‌ಗಳು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ತೊಳೆದು ತುಂಬಿಸೋದು ತಯಾರಿಕೆ ಅಂದ್ರೆ, ರಿಪೇರಿ ಅನ್ನೋದು ಯಾವುದಕ್ಕೆ? ಆದ್ರೆ ಆ ಡಿಸೈನ್ ಮಾಡಿದ ಎಂಜಿನಿಯರ್ ನಾನೇ ಆಗಿದ್ರೆ ಏನಂತಿದ್ನೋ ಗೊತ್ತಿಲ್ಲ.

ಇನ್ನು, ಬೇರೆ ಕಂಪನಿ ಹೊಸದಾಗೇ ತಯಾರಿಸೋ 'ಕಂಪ್ಯಾಟಿಬಲ್' ಕಾರ್ಟ್ರಿಡ್ಜ್‌ಗೆ ಲೆಕ್ಸ್‌ಮಾರ್ಕ್ ತೀರ್ಪಿನ ರಕ್ಷಣೆ ಇಲ್ಲ. ಮೂಲ ಕಂಪನಿ ಅದನ್ನ ಮಾರೇ ಇಲ್ವಲ್ಲ. 2007ರಲ್ಲೇ ಎಪ್ಸನ್ ಪೇಟೆಂಟ್ ಉಲ್ಲಂಘಿಸೋ ಇಂಕ್ ಕಾರ್ಟ್ರಿಡ್ಜ್‌ಗಳನ್ನ ಯಾರೇ ತಯಾರಿಸಿದ್ರೂ ಒಳಗೆ ಬಿಡಬಾರದು ಅಂತ ಅಮೆರಿಕದಲ್ಲಿ ಆದೇಶ ಆಗಿತ್ತು.

ಕೋರ್ಟ್ ಗೆದ್ರೂ ಚಿಪ್ ಹಾಗೇ ಇದೆ. ಕೇಸ್ ಹಾಕ್ಬೇಡಿ ಅಂದ ತೀರ್ಪು ಚಿಪ್ ಹಾಕ್ಬೇಡಿ ಅನ್ನಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಕೆಲವು ಪ್ರಿಂಟರ್‌ಗಳು ಫರ್ಮ್‌ವೇರ್‌ನಿಂದಾಗಿ, ಎಚ್‌ಪಿ ಚಿಪ್ ಇಲ್ಲದ ಕಾರ್ಟ್ರಿಡ್ಜ್‌ಗಳನ್ನ ಇದ್ದಕ್ಕಿದ್ದಂತೆ ನಿರಾಕರಿಸಿದ್ವು. ಜನ ಗಲಾಟೆ ಮಾಡಿದ ಮೇಲೆ ಅದನ್ನ ತೆಗೆಯೋ ಅಪ್‌ಡೇಟ್ ಕೊಟ್ರು.

ನಮ್ಮ ಪ್ರಿಂಟರ್? ರೀಫಿಲ್ ಅಂಗಡಿ ಅಣ್ಣ ಚಿಪ್ ಬದಲಾಯಿಸಿಕೊಟ್ರು. ಈಗ ಪ್ರಿಂಟ್ ಬರ್ತಿದೆ, ಅಪ್‌ಡೇಟ್ ಕೇಳಿದಾಗೆಲ್ಲ ರೂಮ್‌ಮೇಟ್ ವೈಫೈ ಆಫ್ ಮಾಡ್ತಾನೆ.