ದೈನಿಕ ಸುದ್ದಿ ವಿವರಣಾ ಪಾಡ್‌ಕಾಸ್ಟ್

ದೈನಿಕ ಸುದ್ದಿ ವಿವರಣಾ ಪಾಡ್‌ಕಾಸ್ಟ್ ಎಂಬುದು ಪ್ರಚಲಿತ ವಿದ್ಯಮಾನಗಳಲ್ಲಿ ಒಂದನ್ನು ಆಯ್ದುಕೊಂಡು, ಅದರ ಹಿನ್ನೆಲೆ, ಕಾರಣ ಮತ್ತು ಪರಿಣಾಮಗಳನ್ನು ಸಾಮಾನ್ಯ ಕೇಳುಗರಿಗೆ ಅರ್ಥವಾಗುವಂತೆ ದಿನವೂ ತಿಳಿಸುವ ಶ್ರವ್ಯ ಕಾರ್ಯಕ್ರಮ. ಇದು ಅಂತರಜಾಲದ ಮೂಲಕ ಪ್ರಕಟವಾಗುತ್ತದೆ. ಕೇಳುಗರು ಇದನ್ನು ಮೊಬೈಲ್ ಅಥವಾ ಗಣಕಯಂತ್ರದಲ್ಲಿ ತಮಗೆ ಅನುಕೂಲವಾದ ಹೊತ್ತಿನಲ್ಲಿ ಆಲಿಸಬಹುದು. ವಾರ್ತಾಪ್ರಸಾರವು ‘ಏನು ನಡೆಯಿತು’ ಎಂಬುದನ್ನು ಹೇಳಿದರೆ, ಈ ಪ್ರಕಾರವು ‘ಏಕೆ ನಡೆಯಿತು, ಅದರಿಂದ ಯಾರಿಗೆ ಏನಾಗುತ್ತದೆ’ ಎಂಬುದನ್ನು ವಿವರಿಸುತ್ತದೆ. ಕರ್ನಾಟಕದಲ್ಲಿ ಇದರ ಪೂರ್ವರೂಪಗಳನ್ನು ಮೈಸೂರಿನ ಆಕಾಶವಾಣಿಯಿಂದ ಮೊದಲ್ಗೊಂಡ ಬಾನುಲಿ ಪರಂಪರೆಯಲ್ಲಿ ಕಾಣಬಹುದು. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಂತಹ ನದೀತೀರದ ಪ್ರದೇಶಗಳಲ್ಲಿ ಸುದ್ದಿಯ ವಿವರಣೆಯು ನಿತ್ಯಜೀವನಕ್ಕೆ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

ಹೆಸರು ಮತ್ತು ಉಗಮ

‘ಪಾಡ್‌ಕಾಸ್ಟ್’ ಎಂಬ ಪದವನ್ನು 2004ರಲ್ಲಿ ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ ಬಳಸಿದರು. ‘ಐಪಾಡ್’ ಎಂಬ ಸಂಗೀತ ಸಾಧನದ ಹೆಸರು ಮತ್ತು ಪ್ರಸಾರವೆಂಬ ಅರ್ಥದ ‘ಬ್ರಾಡ್‌ಕಾಸ್ಟ್’ ಪದ ಸೇರಿ ಇದು ಹುಟ್ಟಿತು. ಹೊಸ ಸಂಚಿಕೆ ಪ್ರಕಟವಾದ ಕೂಡಲೇ ಚಂದಾದಾರರ ಸಾಧನಕ್ಕೆ ಅದು ತಾನಾಗಿ ತಲುಪುವ ‘ಆರ್‌ಎಸ್‌ಎಸ್’ ವ್ಯವಸ್ಥೆಯು ಇದರ ತಾಂತ್ರಿಕ ಆಧಾರವಾಗಿದೆ. 2005ರಲ್ಲಿ ಆ್ಯಪಲ್ ಸಂಸ್ಥೆಯು ತನ್ನ ‘ಐಟ್ಯೂನ್ಸ್’ ತಂತ್ರಾಂಶದಲ್ಲಿ ಪಾಡ್‌ಕಾಸ್ಟ್‌ಗಳಿಗೆ ಸ್ಥಾನ ನೀಡಿದ ಬಳಿಕ ಇವು ಜನಸಾಮಾನ್ಯರನ್ನು ತಲುಪಿದವು.

ಪ್ರತಿದಿನ ಒಂದೇ ವಿಷಯವನ್ನು ಎತ್ತಿಕೊಂಡು ವಿವರಿಸುವ ಮಾದರಿಗೆ ಹೆಚ್ಚಿನ ಪ್ರಚಾರ ದೊರಕಿಸಿದ್ದು ‘ದಿ ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು 2017ರ ಫೆಬ್ರವರಿ 1ರಂದು ಆರಂಭಿಸಿದ ‘ದಿ ಡೈಲಿ’ ಎಂಬ ಕಾರ್ಯಕ್ರಮ. ಇದರಲ್ಲಿ ನಿರೂಪಕರು ವರದಿಗಾರರೊಡನೆ ಸಂಭಾಷಿಸುತ್ತಾ ವಿಷಯವನ್ನು ಬಿಡಿಸುತ್ತಾ ಹೋಗುತ್ತಾರೆ. 2018ರಲ್ಲಿ ‘ಟುಡೇ, ಎಕ್ಸ್‌ಪ್ಲೇನ್ಡ್’ ಮತ್ತು ‘ಟುಡೇ ಇನ್ ಫೋಕಸ್’ ಎಂಬ ಕಾರ್ಯಕ್ರಮಗಳು ಬಂದವು. ಭಾರತದಲ್ಲಿಯೂ ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳ ಪತ್ರಿಕಾ ಸಂಸ್ಥೆಗಳು ಇದೇ ಮಾದರಿಯನ್ನು ಅನುಸರಿಸಿದವು.

ಮೈಸೂರಿನ ಬಾನುಲಿ ಹಿನ್ನೆಲೆ

ಧ್ವನಿಯ ಮೂಲಕ ತಿಳಿವಳಿಕೆ ಹರಡುವ ಕಾರ್ಯವು ಮೈಸೂರು ಸೀಮೆಗೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಈ ಕೇಂದ್ರದೊಡನೆಯೇ ಬಳಕೆಗೆ ಬಂದಿತು. ಮುಂದೆ 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ಜಾಲವೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಮೈಸೂರು ಕೇಂದ್ರವು ನಂತರ ಸಂಸ್ಥಾನದ ಆಡಳಿತಕ್ಕೆ ಸೇರಿ, 1950ರ ಏಪ್ರಿಲ್ 1ರಂದು ಅಖಿಲ ಭಾರತ ಬಾನುಲಿಯಲ್ಲಿ ವಿಲೀನವಾಯಿತು. 1955ರಲ್ಲಿ ಕೇಂದ್ರವು ಬೆಂಗಳೂರಿಗೆ ಸ್ಥಳಾಂತರಗೊಂಡಿತು. 1974ರಲ್ಲಿ ಮೈಸೂರಿನಲ್ಲಿ ಮತ್ತೆ ಆಕಾಶವಾಣಿ ಕೇಂದ್ರ ಆರಂಭವಾಯಿತು. ಇಂದು ಅದು 100.6 ಮೆಗಾಹರ್ಟ್ಸ್ ಎಫ್‌ಎಂ ತರಂಗಾಂತರದಲ್ಲಿ ಕೇಳಿಬರುತ್ತದೆ.

ಆಕಾಶವಾಣಿಯ ಬೆಂಗಳೂರು ಪ್ರಾದೇಶಿಕ ಸುದ್ದಿ ವಿಭಾಗದ ‘ಪ್ರದೇಶ ಸಮಾಚಾರ’ವು ರಾಜ್ಯದ ಸುದ್ದಿಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ಸುದ್ದಿಯನ್ನು ವಿಶ್ಲೇಷಿಸುವ ಕಾರ್ಯಕ್ರಮಗಳಾದ ಇಂಗ್ಲಿಷಿನ ‘ಸ್ಪಾಟ್‌ಲೈಟ್’ ಮತ್ತು ಹಿಂದಿಯ ‘ಸಾಮಯಿಕೀ’ ಇಂದಿನ ವಿವರಣಾ ಪಾಡ್‌ಕಾಸ್ಟ್‌ಗಳಿಗೆ ಬಹಳ ಹತ್ತಿರವಾದವು. ಬೇಸಾಯದ ವಿಷಯಗಳನ್ನು ಸಂಭಾಷಣೆಯ ರೂಪದಲ್ಲಿ ತಿಳಿಸುವ ‘ಕೃಷಿರಂಗ’ವು, ತಜ್ಞರ ಮಾತನ್ನು ರೈತರ ಮಾತಿಗೆ ಇಳಿಸುವ ವಿಧಾನವನ್ನು ಕನ್ನಡದಲ್ಲಿ ರೂಢಿಸಿತು. ಬಾನುಲಿಗೂ ಪಾಡ್‌ಕಾಸ್ಟ್‌ಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ಕಾಲ. ಬಾನುಲಿಯ ಮಾತು ಪ್ರಸಾರವಾದ ಕ್ಷಣದಲ್ಲಿಯೇ ಕೇಳಬೇಕಾದುದು. ಪಾಡ್‌ಕಾಸ್ಟ್‌ನ ಮಾತನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೊಮ್ಮೆ ಕೇಳಬಹುದು.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ಬಾನುಲಿ ಸುದ್ದಿಯು ದೀರ್ಘಕಾಲದಿಂದ ಆಕಾಶವಾಣಿಗೆ ಸೀಮಿತವಾಗಿದೆ. ಆಕಾಶತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ದೊರೆಯಿತು. ಆದರೆ ಸಮುದಾಯ ಬಾನುಲಿ ಮತ್ತು ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತವಾಗಿ ಸುದ್ದಿ ತಯಾರಿಸಿ ಪ್ರಸಾರ ಮಾಡಲು ಅನುಮತಿ ದೊರೆಯಲಿಲ್ಲ. ಆಕಾಶವಾಣಿಯ ವಾರ್ತೆಗಳನ್ನು ಮರುಪ್ರಸಾರ ಮಾಡಲು ಮಾತ್ರ ಅವಕಾಶ ನೀಡಲಾಯಿತು.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಆರಂಭವಾದ ‘ನಮ್ಮ ಧ್ವನಿ’ಯು ಈ ನಿರ್ಬಂಧಗಳ ನಡುವೆ ಹುಟ್ಟಿದ ಪ್ರಯೋಗವಾಗಿತ್ತು. ತರಂಗಾಂತರದ ಪರವಾನಗಿ ಇಲ್ಲದಿದ್ದಾಗ ಗ್ರಾಮಸ್ಥರು ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ತಲುಪಿಸಲಾಯಿತು. ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ‘ಜನಧ್ವನಿ’ ಎಂಬ ಸಮುದಾಯ ಬಾನುಲಿಯನ್ನು ನಡೆಸುತ್ತಿದೆ.

ಪಾಡ್‌ಕಾಸ್ಟ್‌ಗೆ ತರಂಗಾಂತರ ಬೇಕಿಲ್ಲವಾದ್ದರಿಂದ ಬಾನುಲಿಯ ಪರವಾನಗಿಯೂ ಬೇಕಿಲ್ಲ. ಹೀಗಾಗಿ ಖಾಸಗಿಯವರು ಪ್ರಚಲಿತ ವಿದ್ಯಮಾನಗಳನ್ನು ಧ್ವನಿಯ ಮೂಲಕ ಚರ್ಚಿಸಲು ಇದು ಮುಕ್ತ ದಾರಿಯಾಯಿತು. 2021ರ ಫೆಬ್ರವರಿ 25ರಂದು ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರಜಾಲದಲ್ಲಿ ಸುದ್ದಿ ಪ್ರಕಟಿಸುವವರಿಗೆ ನೀತಿಸಂಹಿತೆಯನ್ನೂ ದೂರು ಪರಿಹಾರ ವ್ಯವಸ್ಥೆಯನ್ನೂ ವಿಧಿಸಿದವು. ಇವುಗಳಲ್ಲಿ ನೀತಿಸಂಹಿತೆಗೆ ಸಂಬಂಧಿಸಿದ ಕೆಲವು ಉಪನಿಯಮಗಳಿಗೆ ಅದೇ ವರ್ಷ ಬಾಂಬೆ ಉಚ್ಚ ನ್ಯಾಯಾಲಯವು ತಡೆ ನೀಡಿತು.

ಕನ್ನಡದಲ್ಲಿ

ಕನ್ನಡದ ಪಾಡ್‌ಕಾಸ್ಟ್‌ಗಳಲ್ಲಿ ‘ತಲೆ-ಹರಟೆ’ಯು ಸಾರ್ವಜನಿಕ ನೀತಿ, ವಿಜ್ಞಾನ, ಇತಿಹಾಸ ಮೊದಲಾದ ವಿಷಯಗಳನ್ನು ದೀರ್ಘ ಸಂಭಾಷಣೆಯ ಮೂಲಕ ಪರಿಚಯಿಸಿತು. ಇದು ದೈನಿಕವಲ್ಲ, ಸಂಚಿಕೆಗಳ ನಡುವೆ ದಿನಗಳ ಅಂತರವಿರುತ್ತದೆ. ಪತ್ರಿಕೆಗಳ ಪೈಕಿ ‘ಪ್ರಜಾವಾಣಿ’ಯು ‘ಕನ್ನಡ ಧ್ವನಿ’ ಎಂಬ ಹೆಸರಿನಲ್ಲಿ ಪಾಡ್‌ಕಾಸ್ಟ್‌ಗಳನ್ನು ಪ್ರಕಟಿಸಿದೆ. ಆಕಾಶವಾಣಿಯ ಪ್ರಾದೇಶಿಕ ವಾರ್ತೆಗಳ ಧ್ವನಿಮುದ್ರಿಕೆಗಳೂ ಅಂತರಜಾಲದಲ್ಲಿ ದೊರೆಯುತ್ತವೆ. ಇವುಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು: ಬರೆದುದನ್ನು ಓದುವುದು, ಇಬ್ಬರು ಅಥವಾ ಹೆಚ್ಚು ಜನ ಸಂಭಾಷಿಸುವುದು, ಮತ್ತು ವರದಿ, ಸಂದರ್ಶನ, ವಿವರಣೆಗಳನ್ನು ಹೆಣೆದು ಒಂದು ಕಥನವಾಗಿ ಕಟ್ಟುವುದು. ಮೂರನೆಯದಕ್ಕೆ ಶ್ರಮವೂ ವೆಚ್ಚವೂ ಹೆಚ್ಚು.

ಸಂಚಿಕೆಯ ರಚನೆ

ಸಾಮಾನ್ಯವಾಗಿ ಒಂದು ಸಂಚಿಕೆಯು 10ರಿಂದ 30 ನಿಮಿಷಗಳಷ್ಟಿರುತ್ತದೆ. ತಯಾರಿಕೆಯ ಹಂತಗಳು ಹೀಗಿವೆ:

ವಿಷಯದ ಆಯ್ಕೆ: ಅಂದಿನ ಸುದ್ದಿಗಳಲ್ಲಿ ಹೆಚ್ಚು ಜನರಿಗೆ ಸಂಬಂಧಿಸಿದ, ಆದರೆ ಸುಲಭವಾಗಿ ಅರ್ಥವಾಗದ ಒಂದನ್ನು ಆರಿಸಲಾಗುತ್ತದೆ.

ಪರಿಶೀಲನೆ: ಆದೇಶ, ತೀರ್ಪು, ಅಂಕಿಅಂಶಗಳನ್ನು ಮೂಲದಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳಲಾಗುತ್ತದೆ.

ಬರವಣಿಗೆ: ಕಿವಿಗೆ ಹೊಂದುವಂತೆ ಚಿಕ್ಕ ವಾಕ್ಯಗಳಲ್ಲಿ ಬರೆಯಲಾಗುತ್ತದೆ. ಓದುಗನು ಹಿಂದಿನ ಸಾಲಿಗೆ ಕಣ್ಣು ಹಾಯಿಸಬಲ್ಲ; ಕೇಳುಗನಿಗೆ ಅಷ್ಟು ಸುಲಭವಲ್ಲ. ಆದ್ದರಿಂದ ಮುಖ್ಯ ಸಂಗತಿಯನ್ನು ಬೇರೆ ಮಾತಿನಲ್ಲಿ ಮತ್ತೊಮ್ಮೆ ಹೇಳುವುದು ವಾಡಿಕೆ.

ಧ್ವನಿಮುದ್ರಣ ಮತ್ತು ಸಂಕಲನ: ನಿರೂಪಣೆಯನ್ನು ಮುದ್ರಿಸಿಕೊಂಡು, ಸಂದರ್ಶನದ ತುಣುಕುಗಳನ್ನು ಜೋಡಿಸಿ, ಅನಗತ್ಯ ಭಾಗಗಳನ್ನು ತೆಗೆಯಲಾಗುತ್ತದೆ.

ಪ್ರಕಟಣೆ: ಶೀರ್ಷಿಕೆ, ದಿನಾಂಕ ಹಾಗೂ ಕಿರುಪರಿಚಯದೊಡನೆ ನಿಗದಿತ ವೇಳೆಗೆ, ಹೆಚ್ಚಾಗಿ ಮುಂಜಾನೆ, ಬಿಡುಗಡೆ ಮಾಡಲಾಗುತ್ತದೆ.

ವಿವರಣೆಯ ಅಗತ್ಯ: ಕಪಿಲಾ ಮತ್ತು ಕಾವೇರಿ

ಸುದ್ದಿಗೂ ವಿವರಣೆಗೂ ಇರುವ ಅಂತರವನ್ನು ಮಳೆಗಾಲದ ಜಲಾಶಯ ವಾರ್ತೆಗಳು ಸ್ಪಷ್ಟಪಡಿಸುತ್ತವೆ. ‘ಕಬಿನಿಯಿಂದ 50,000 ಕ್ಯೂಸೆಕ್ ನೀರು ಹೊರಬಿಡಲಾಗಿದೆ, ನದೀತೀರದವರು ಎಚ್ಚರಿಕೆಯಿಂದ ಇರಬೇಕು’ ಎಂಬ ಸುದ್ದಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. ಆ ಲೆಕ್ಕದಲ್ಲಿ 50,000 ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 14 ಲಕ್ಷ ಲೀಟರ್. ಇದೇ ಪ್ರಮಾಣದಲ್ಲಿ ಇಡೀ ದಿನ ಹರಿದರೆ 4.32 ಟಿಎಂಸಿ, ಎಂದರೆ 432 ಕೋಟಿ ಘನ ಅಡಿ ಆಗುತ್ತದೆ. ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯವೇ 19.52 ಟಿಎಂಸಿ. ಅದರ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು ನೀರು ಒಂದೇ ದಿನದಲ್ಲಿ ಕೆಳಗೆ ಹರಿಯುತ್ತದೆ ಎಂದು ಹೇಳಿದಾಗ ಎಚ್ಚರಿಕೆಯ ತೂಕ ತಿಳಿಯುತ್ತದೆ.

ನಂಜನಗೂಡು ಕಪಿಲಾ ಎಂದೂ ಕರೆಯಲಾಗುವ ಕಬಿನಿಯ ದಡದಲ್ಲಿದೆ. ಪ್ರವಾಹ ಬಂದಾಗ ಶ್ರೀಕಂಠೇಶ್ವರ ದೇವಾಲಯದ ಬಳಿಯ ಸ್ನಾನಘಟ್ಟ ಮತ್ತು ಹದಿನಾರು ಕಾಲು ಮಂಟಪ ಜಲಾವೃತವಾಗುತ್ತವೆ. 2018 ಮತ್ತು 2019ರ ಪ್ರವಾಹಗಳಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೆಯೇ ನೀರು ಹರಿಯಿತು. ಇಲ್ಲಿನ ಜನರಿಗೆ ಮುಖ್ಯವಾಗಿ ಬೇಕಾದುದು ಕಬಿನಿಯ ಲೆಕ್ಕ.

ತಿರುಮಕೂಡಲು ನರಸೀಪುರದ ಸ್ಥಿತಿ ಬೇರೆ. ಇಲ್ಲಿ ಕಪಿಲೆಯು ಕಾವೇರಿಯನ್ನು ಸೇರುತ್ತದೆ. ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ ಸಂಗಮವಾಗುತ್ತದೆ ಎಂಬುದು ನಂಬಿಕೆ. ಆದ್ದರಿಂದ ಕಬಿನಿಯ ಹೊರಹರಿವಿನ ಜೊತೆಗೆ 49.45 ಟಿಎಂಸಿ ಸಾಮರ್ಥ್ಯದ ಕೃಷ್ಣರಾಜಸಾಗರದ ಹೊರಹರಿವನ್ನೂ ಕೂಡಿಸಿ ನೋಡಬೇಕಾಗುತ್ತದೆ. ಸಂಗಮದ ಕೆಳಗಿರುವ ತಲಕಾಡಿನ ಭಾಗಕ್ಕೆ ಎರಡೂ ನದಿಗಳ ನೀರು ಒಟ್ಟಾಗಿಯೇ ಬರುತ್ತದೆ. ಎರಡು ಜಲಾಶಯಗಳ ಅಂಕಿಗಳನ್ನು ಬೇರೆಬೇರೆಯಾಗಿ ಓದುವ ವಾರ್ತೆಯು ತಪ್ಪಾಗಿರುವುದಿಲ್ಲ. ಆದರೆ ಅವುಗಳನ್ನು ಕೂಡಿಸುವ ಕೆಲಸವು ಕೇಳುಗನ ಪಾಲಿಗೆ ಉಳಿಯುತ್ತದೆ. ಹೊಲದ ಪಂಪ್‌ಸೆಟ್ ಮೇಲಕ್ಕೆ ಸಾಗಿಸಬೇಕೆ, ದನಕರುಗಳನ್ನು ಬೇರೆಡೆ ಕಟ್ಟಬೇಕೆ ಎಂಬ ತೀರ್ಮಾನಗಳು ಈ ಲೆಕ್ಕವನ್ನು ಅವಲಂಬಿಸಿರುತ್ತವೆ.

ಮಳೆ ಕೊರತೆಯಾದ ವರ್ಷದಲ್ಲಿ ವಿವರಣೆಯ ಅಗತ್ಯ ಇನ್ನೊಂದು ರೂಪ ತಾಳುತ್ತದೆ. ಕಾವೇರಿ ಜಲವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರಂದು ನೀಡಿದ ತೀರ್ಪಿನ ಪ್ರಕಾರ ಕರ್ನಾಟಕದ ಪಾಲು 284.75 ಟಿಎಂಸಿ, ತಮಿಳುನಾಡಿನ ಪಾಲು 404.25 ಟಿಎಂಸಿ. ಆದರೆ ಸಾಮಾನ್ಯ ಜಲವರ್ಷದಲ್ಲಿ ಕರ್ನಾಟಕವು ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದುದು 177.25 ಟಿಎಂಸಿ. ಉಳಿದುದು ತಮಿಳುನಾಡಿನ ಸ್ವಂತ ಜಲಾನಯನ ಪ್ರದೇಶದಲ್ಲಿ ದೊರೆಯುವ ನೀರು. ಈ ಎರಡು ಅಂಕಿಗಳನ್ನು ಬೆರೆಸಿ ಹೇಳಿದರೆ, 404.25 ಟಿಎಂಸಿ ಪೂರ್ತಿಯಾಗಿ ಕರ್ನಾಟಕದ ಜಲಾಶಯಗಳಿಂದಲೇ ಹೋಗುತ್ತದೆ ಎಂಬ ತಪ್ಪು ತಿಳಿವಳಿಕೆ ಉಂಟಾಗುತ್ತದೆ. ನೀರು ಬಿಡುವ ಪ್ರಮಾಣವು ತಿಂಗಳಿಗೊಂದರಂತೆ ನಿಗದಿಯಾಗಿದೆ. ಜೂನ್ ತಿಂಗಳಿಗೆ 9.19, ಜುಲೈ ತಿಂಗಳಿಗೆ 31.24 ಟಿಎಂಸಿ. ಕಬಿನಿ ಮತ್ತು ಕೃಷ್ಣರಾಜಸಾಗರಗಳಿಂದ ನದಿಗೆ ಬಿಟ್ಟ ನೀರು ನರಸೀಪುರದ ಸಂಗಮದಲ್ಲಿ ಒಂದಾಗಿ ಮುಂದೆ ಸಾಗುವುದರಿಂದ, ಈ ವಿವಾದವು ಇಲ್ಲಿನ ರೈತರಿಗೆ ಕಣ್ಣೆದುರಿನ ಸಂಗತಿಯಾಗಿದೆ.

ಎರಡೂ ಪಟ್ಟಣಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766 ಮತ್ತೊಂದು ನಿದರ್ಶನ. ಬಂಡೀಪುರ ಅರಣ್ಯದೊಳಗೆ ಈ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವನ್ಯಜೀವಿಗಳ ರಕ್ಷಣೆ ಮತ್ತು ಕೇರಳದೊಡನೆ ಸರಕು ಸಾಗಣೆ, ಇವೆರಡರ ವಾದಗಳನ್ನೂ ಪಕ್ಷಪಾತವಿಲ್ಲದೆ ಮಂಡಿಸುವುದು ವಿವರಣಾ ಕಾರ್ಯಕ್ರಮದ ಕರ್ತವ್ಯವೆನಿಸುತ್ತದೆ.

ಭಾಷೆ

ಗ್ರಾಂಥಿಕ ಕನ್ನಡಕ್ಕೂ ಆಡುಗನ್ನಡಕ್ಕೂ ಇರುವ ದೂರವು ನಿರೂಪಕರಿಗೆ ದೊಡ್ಡ ಸವಾಲು. ‘ಮಧ್ಯಂತರ ತಡೆಯಾಜ್ಞೆ’, ‘ಅಧಿಸೂಚನೆ’, ‘ಮೇಲ್ಮನವಿ’ ಮುಂತಾದ ಪದಗಳು ಪತ್ರಿಕೆಯಲ್ಲಿ ಸಹಜ. ಆದರೆ ಮಾತಿನಲ್ಲಿ ಅವುಗಳ ಅರ್ಥವನ್ನು ಬಿಡಿಸಬೇಕಾಗುತ್ತದೆ. ‘ಕ್ಯೂಸೆಕ್’, ‘ಟಿಎಂಸಿ’ಯಂತಹ ಪದಗಳು ರೈತರ ಬಾಯಲ್ಲಿ ಈಗಾಗಲೇ ನೆಲೆಸಿರುವುದರಿಂದ ಅವುಗಳಿಗೆ ಹೊಸ ಪದ ಕಟ್ಟುವುದಕ್ಕಿಂತ ಅಳತೆಯನ್ನು ತಿಳಿಸುವುದೇ ಉಪಯುಕ್ತ. ಅನುವಾದಿತ ಸುದ್ದಿಯ ಉದ್ದ ವಾಕ್ಯಗಳನ್ನು ಹಾಗೆಯೇ ಓದಿದರೆ ಕ್ರಿಯಾಪದ ಬರುವಷ್ಟರಲ್ಲಿ ಕರ್ತೃವು ಮರೆತುಹೋಗುತ್ತದೆ.

ಪ್ರಯೋಜನ ಮತ್ತು ಮಿತಿಗಳು

ಓದು ಬಾರದವರು, ದೃಷ್ಟಿ ಮಂದವಾದ ಹಿರಿಯರು, ಬಸ್ಸಿನಲ್ಲಿ ಪ್ರಯಾಣಿಸುವವರು ಮತ್ತು ಕೈಗೆಲಸದಲ್ಲಿ ತೊಡಗಿರುವವರು ಈ ಪ್ರಕಾರದಿಂದ ಪ್ರಯೋಜನ ಪಡೆಯುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ವಿದ್ಯಾರ್ಥಿಗಳೂ ಇವುಗಳನ್ನು ಬಳಸುತ್ತಾರೆ.

ಮಿತಿಗಳೂ ಇವೆ. ದಿನವೂ ಪ್ರಕಟಿಸಬೇಕೆಂಬ ಅವಸರದಲ್ಲಿ ಪರಿಶೀಲನೆ ಸಡಿಲವಾಗಬಹುದು. ಪತ್ರಿಕೆಯಲ್ಲಿ ಸಂಪಾದಕೀಯಕ್ಕೆ ಪ್ರತ್ಯೇಕ ಪುಟವಿರುತ್ತದೆ. ಧ್ವನಿಯಲ್ಲಿ ಸಂಗತಿ ಮತ್ತು ಅಭಿಪ್ರಾಯಗಳ ನಡುವಿನ ಗೆರೆ ಸುಲಭವಾಗಿ ಅಳಿಸಿಹೋಗುತ್ತದೆ. ಹಳೆಯ ಸಂಚಿಕೆಗಳು ಅಂತರಜಾಲದಲ್ಲಿ ಉಳಿಯುವುದರಿಂದ, ಬದಲಾದ ಅಂಕಿಗಳನ್ನು ಇಂದಿನವೆಂದು ಭಾವಿಸುವ ಅಪಾಯವಿದೆ. ಶ್ರವಣದೋಷವುಳ್ಳವರಿಗೆ ಲಿಖಿತ ಪಾಠವಿಲ್ಲದೆ ಇದು ನಿಲುಕದು. ಮೇಲಾಗಿ ಪಾಡ್‌ಕಾಸ್ಟ್ ತುರ್ತು ಎಚ್ಚರಿಕೆಯ ಮಾಧ್ಯಮವಲ್ಲ. ಪ್ರವಾಹದ ಹೊತ್ತಿನಲ್ಲಿ ಜಿಲ್ಲಾಡಳಿತದ ಪ್ರಕಟಣೆ, ಡಂಗುರ ಮತ್ತು ಆಕಾಶವಾಣಿಯ ನೇರ ವಾರ್ತೆಗಳೇ ಮೊದಲು ತಲುಪಬೇಕಾದವು. ಆ ಎಚ್ಚರಿಕೆಯನ್ನು ಕೇಳಿದವರು ಅದರ ಅರ್ಥವನ್ನು ಮೊದಲೇ ತಿಳಿದಿರುವಂತೆ ಮಾಡುವುದು ವಿವರಣಾ ಕಾರ್ಯಕ್ರಮದಿಂದ ಆಗಬಹುದಾದ ಕೆಲಸ.